ಇರುವೆಗಳು ಮೂತಿಗೆ ಮೂತಿ ತಾಗಿಸುವುದೇಕೆ?

ಲೋಕ ಇನ್ನೂ ಹೊಸದಾಗಿದ್ದ ಕಾಲ. ಗುಡ್ಡಗಳ ಮಣ್ಣು ಸರಿಯಾಗಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದು ದಿನ ಈ ಕಡೆ, ಒಂದು ದಿನ ಆ ಕಡೆ ಹರಿದು ನೋಡುತ್ತಿತ್ತು. ಆಮೆಗೆ ಬೆನ್ನ ಮೇಲೊಂದು ಚಿಪ್ಪು ಸಿಕ್ಕಿತ್ತೇ ಹೊರತು ಅದರೊಳಗೆ ಹೋಗುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಳೆ ಬಂದರೆ ಪಾಪ, ಚಿಪ್ಪು ಹೊತ್ತುಕೊಂಡೇ ತಲೆ ನೆನೆಸಿಕೊಂಡು ಕೂರುತ್ತಿತ್ತು.

ಆಗ ಭೂಮಿತಾಯಿ ಗುಡ್ಡದ ತುದಿಯ ಚಪ್ಪಟೆ ಬಂಡೆಯ ಮೇಲೆ ಕೂತು, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು, ಉಳಿದ ಕೆಲಸ ಮುಗಿಸುತ್ತಿದ್ದಳು. ಯಾರಿಗೆ ಏನು ಕಷ್ಟ ಬಂದರೂ ಅವಳಿಗೇ ಮೊರೆ. ಹಕ್ಕಿಗಳು ಹಾರಿಹೋಗಿ ಹೇಳುತ್ತಿದ್ದವು. ಮೀನುಗಳು ಹೊಳೆಯ ಕೈಲಿ ಹೇಳಿ ಕಳಿಸುತ್ತಿದ್ದವು. ಮನುಷ್ಯರು ನಿಂತಲ್ಲೇ ನಿಂತು ಕೂಗುತ್ತಿದ್ದರು. ಅವರ ಗಂಟಲಿಗೇನು ಕಡಿಮೆ!

ಇರುವೆಯ ಗಂಟಲು ಎಷ್ಟು ದೊಡ್ಡದು, ನೀನೇ ಹೇಳು. ಅದಕ್ಕೇ ಇರುವೆಗಳು ಒಂದು ಉಪಾಯ ಮಾಡಿದ್ದವು. ಗುಡ್ಡದ ಕೆಳಗಿನ ಹುಣಸೇಮರದಿಂದ ಹಿಡಿದು ಭೂಮಿತಾಯಿಯ ಬಂಡೆಯವರೆಗೆ ಸಾವಿರ ಇರುವೆಗಳು ಸಾಲಾಗಿ ನಿಲ್ಲುವುದು. ಕೆಳಗಿನವಳು ಮೊರೆಯನ್ನು ಪಕ್ಕದವಳಿಗೆ ಹೇಳುವುದು, ಅವಳು ಮುಂದಿನವಳಿಗೆ ಹೇಳುವುದು, ಮುಂದಿನವಳು ಅದರ ಮುಂದಿನವಳಿಗೆ ಹೇಳುವುದು. ಹೀಗೆ ಬೆಳಿಗ್ಗೆ ಹೊರಟ ಮೊರೆ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮೇಲೆ ಮುಟ್ಟುತ್ತಿತ್ತು.

ಇದಕ್ಕೆ ಮೊರೆಸಾಲು ಎಂದು ಹೆಸರು. ಮೊರೆಸಾಲಿನಲ್ಲಿ ನಿಲ್ಲುವುದೆಂದರೆ ಇರುವೆಗಳಿಗೆ ಬಲು ಹೆಮ್ಮೆ. ಕಟ್ಟುಪಾಡೂ ಅಷ್ಟೇ ಬಿಗಿ. ಪ್ರತಿಯೊಬ್ಬಳೂ ಬೆಳಿಗ್ಗೆ ತನ್ನ ಬುತ್ತಿಯನ್ನು ಬಾಯಲ್ಲಿ ಕಚ್ಚಿಕೊಂಡು ಬರಬೇಕು. ಸಂಜೆ ಸಾಲು ಕದಲುವವರೆಗೆ ಅದನ್ನು ತಿನ್ನುವ ಹಾಗಿಲ್ಲ. ಮೊರೆ ಬಂದಾಗ ಬುತ್ತಿಯನ್ನು ಕಾಲ ಬಳಿ ಇಡಬೇಕು, ಕೇಳಿಸಿಕೊಳ್ಳಬೇಕು, ಒಂದಕ್ಷರ ಬಿಡದೆ ಮುಂದಿನವಳಿಗೆ ಹೇಳಬೇಕು, ಮತ್ತೆ ಬುತ್ತಿ ಕಚ್ಚಿಕೊಂಡು ನೆಟ್ಟಗೆ ನಿಲ್ಲಬೇಕು. ಬಾಯಿ ತುಂಬ ಕಾಳಿಟ್ಟುಕೊಂಡು ಯಾರಾದರೂ ಮಾತಾಡುತ್ತಾರೆಯೇ?

ಸಾಲಿನ ಮೇಲಿನ ತುದಿಯಲ್ಲಿ, ಬಂಡೆಯ ಪಕ್ಕದಲ್ಲಿ ನಿಲ್ಲುತ್ತಿದ್ದವಳು ದ್ಯಾವೀರಕ್ಕ. ವಯಸ್ಸಾದವಳು. ಸಿಟ್ಟು ಮೂಗಿನ ತುದಿಯಲ್ಲೇ. ಆರು ಕಾಲಿಗೂ ಮಂಡಿನೋವು. ಸಾವಿರ ಬಾಯಿ ದಾಟಿ ಬಂದ ಮೊರೆಯನ್ನು ಭೂಮಿತಾಯಿಯ ಕಿವಿಗೆ ಹಾಕುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದನ್ನು ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

ಒಂದು ದಿನ ಮೊರೆ ಬಂತು. ದ್ಯಾವೀರಕ್ಕ ತನ್ನ ಬುತ್ತಿಯನ್ನು, ಒಂದು ನವಣೆ ಕಾಳನ್ನು, ಕೆಳಗಿಟ್ಟಳು. ಕೇಳಿಸಿಕೊಂಡಳು. ಬಂಡೆ ಹತ್ತಿ ಭೂಮಿತಾಯಿಗೆ ಹೇಳಿದಳು.

"ಅವ್ವಾ, ಹುಣಸೇಮರದ ಬೇರಿನ ಹತ್ರದ ಪುಟ್ಟಮಾದಿ ಮೊರೆ. ಕಲ್ಲು ಬಿದ್ದು ಕಾಲು ಮುರಿದದೆ. ಗೂಡಲ್ಲಿ ಏಳು ಮಕ್ಕಳು. ಬಾಯಿಗೆ ಏನೂ ಬಿದ್ದಿಲ್ಲ. ಒಂದೇ ಒಂದು ತುತ್ತು ಕಳಿಸವ್ವಾ."

ಭೂಮಿತಾಯಿ ಅಳಿಲಿನ ಬಾಲಕ್ಕೆ ಕೂದಲು ಅಂಟಿಸುತ್ತಿದ್ದಳು. ತಲೆ ಎತ್ತದೆ, "ಕಳಿಸಿದ್ದೀನಿ ಕಣೆ ದ್ಯಾವೀರಿ" ಎಂದಳು.

"ಕಳಿಸಿದ್ದೀನಿ" ಎಂಬ ಮಾತು ಸಾವಿರ ಬಾಯಿ ದಾಟಿ ಕೆಳಗೆ ಹೋಯಿತು. ದ್ಯಾವೀರಕ್ಕ ನವಣೆ ಕಾಳು ಕಚ್ಚಿಕೊಂಡು ನಿಂತಳು. ಸಂಜೆ ಸಾಲು ಕದಲಿತು. ಅವಳು ಮನೆಗೆ ಹೋಗಿ ಕಾಲು ಚಾಚಿ ಕೂತು ಬುತ್ತಿ ತಿಂದಳು.

ಮರುದಿನ ಮತ್ತೆ ಮೊರೆ ಬಂತು.

"ಅವ್ವಾ, ಪುಟ್ಟಮಾದಿ ಮೊರೆ. ತುತ್ತು ಇನ್ನೂ ಬಂದಿಲ್ಲ. ಮಕ್ಕಳು ಅಳೋದನ್ನೂ ನಿಲ್ಲಿಸ್ಬಿಟ್ಟವೆ."

ಭೂಮಿತಾಯಿ ಹುಂಜಕ್ಕೆ ಜುಟ್ಟು ಮೆತ್ತುತ್ತಿದ್ದಳು. "ಕಳಿಸಿದ್ದೀನಿ ಅಂದ್ನಲ್ಲ" ಎಂದಳು. ಈ ಸಲ ದನಿ ಸ್ವಲ್ಪ ಗಡುಸಾಗಿತ್ತು.

ಆ ಮಾತೂ ಸಾವಿರ ಬಾಯಿ ದಾಟಿ ಕೆಳಗೆ ಹೋಯಿತು. ಆವತ್ತೂ ದ್ಯಾವೀರಕ್ಕ ಮನೆಗೆ ಹೋಗಿ ಕಾಲು ಚಾಚಿ ಕೂತು ಬುತ್ತಿ ತಿಂದಳು. ತಿನ್ನುತ್ತಾ ತಿನ್ನುತ್ತಾ, "ಏನು ಕಾಲ ಬಂತಪ್ಪಾ!" ಎಂದು ಗೊಣಗಿಕೊಂಡಳು.

ಮೂರನೆಯ ದಿನವೂ ಮೊರೆ ಬಂತು.

"ಅವ್ವಾ, ಪುಟ್ಟಮಾದಿ ಮೊರೆ. ಕೊನೇ ಮಗು ಬಾಯಿ ತೆರೆಯೋದನ್ನ ಬಿಟ್ಟದೆ. ನಾಳೆ ಮೊರೆ ಬರಲ್ಲ ಕಣವ್ವಾ. ನಾಳೆಗೆ ಏನೂ ಉಳಿಯಲ್ಲ."

ಭೂಮಿತಾಯಿ ಕೈಯಲ್ಲಿದ್ದ ಮಣ್ಣಿನ ಮುದ್ದೆಯನ್ನು ಬಂಡೆಗೆ ರಪ್ಪೆಂದು ಬಡಿದಳು. ಗುಡ್ಡ ಅಲುಗಿತು. ಹೊಳೆ ಬೆಚ್ಚಿಬಿದ್ದು ಹರಿಯುವ ದಿಕ್ಕು ಬದಲಿಸಿತು.

"ಒಂದು ತುತ್ತಲ್ಲ, ಸಾವಿರ ತುತ್ತು ಕಳಿಸಿದ್ದೀನಿ! ಮೂರು ದಿನವೂ ಕಳಿಸಿದ್ದೀನಿ! ಎಲ್ಲಾ ದಾರೀಲೇ ನಿಂತದೆ. ಇನ್ನೆಷ್ಟು ಸಲ ಹೇಳಲಿ ನಿಮಗೆ? ಹೋಗು, ನೀನೇ ಹೋಗಿ ನೋಡು!"

ದ್ಯಾವೀರಕ್ಕನ ಮೈಯೆಲ್ಲ ಉರಿದುಹೋಯಿತು. ಭೂಮಿತಾಯಿ ಬೈದಳೆಂದಲ್ಲ. ಸಾವಿರ ತುತ್ತು ದಾರಿಯಲ್ಲೇ ನಿಂತಿದೆ ಎಂದರೇನು ಅರ್ಥ? ಸಾಲಿನಲ್ಲಿ ಯಾರೋ ಕಳ್ಳಿ ಇದ್ದಾಳೆ ಎಂದು ತಾನೇ? ಹಸಿದ ಮಕ್ಕಳ ಬಾಯಿಗೆ ಮಣ್ಣು ಹಾಕುವವಳು, ಅದೂ ಮೊರೆಸಾಲಿನಲ್ಲಿ! "ಸಿಗಲಿ ಅವಳು, ಮೀಸೆ ಎರಡೂ ಕಿತ್ತು ಕೈಗೆ ಕೊಡ್ತೀನಿ" ಎಂದುಕೊಂಡಳು. ನವಣೆ ಕಾಳನ್ನು ಕಚ್ಚಿಕೊಂಡು, ಆರು ಮಂಡಿಗಳ ನೋವನ್ನೂ ಮರೆತು, ಸಾಲಿನುದ್ದಕ್ಕೂ ಕೆಳಗೆ ಹೊರಟಳು.

ಮೊದಲು ಸಿಕ್ಕಿದವಳನ್ನೇ ತಡೆದಳು. ಕಾಳನ್ನು ಕೆಳಗಿಟ್ಟು ಕೇಳಿದಳು. "ಭೂಮಿತಾಯಿ ಪುಟ್ಟಮಾದಿಗೆ ಕಳಿಸಿದ ತುತ್ತು ಎಲ್ಲಿ?"

ಅವಳು ತನ್ನ ಎಳ್ಳುಕಾಳನ್ನು ಕೆಳಗಿಟ್ಟಳು. "ನಾನು ನೋಡಿಲ್ಲ ಕಣಕ್ಕ. ಮೊರೆಯಂತೂ ಒಂದಕ್ಷರ ಬಿಡದೆ ಹೇಳಿದ್ದೀನಪ್ಪ. ಬೇಕಾದ್ರೆ ಈಗಲೂ ಒಪ್ಪಿಸ್ತೀನಿ."

"ಒಪ್ಪಿಸೋದೇನೂ ಬೇಡ" ಎಂದು ದ್ಯಾವೀರಕ್ಕ ಕಾಳು ಕಚ್ಚಿಕೊಂಡು ಮುಂದೆ ನಡೆದಳು.

ಮುಂದಿನವಳ ಹತ್ತಿರ ಕಾಳು ಕೆಳಗಿಟ್ಟು ಕೇಳಿದಳು. ಅವಳು ಅಕ್ಕಿನುಚ್ಚು ಕೆಳಗಿಟ್ಟು, "ನೋಡಿಲ್ಲಕ್ಕ" ಎಂದಳು. ಅದರ ಮುಂದಿನವಳು ಹುಲ್ಲಿನ ಬೀಜ ಕೆಳಗಿಟ್ಟು, "ನೋಡಿಲ್ಲಕ್ಕ" ಎಂದಳು. ಅದರ ಮುಂದಿನವಳು ಸಾಮೆ ಕಾಳು ಕೆಳಗಿಟ್ಟು, "ನೋಡಿಲ್ಲಕ್ಕ" ಎಂದಳು. ಹೀಗೆ ನೂರು ಜನ, ಇನ್ನೂರು ಜನ, ಐನೂರು ಜನ. ದ್ಯಾವೀರಕ್ಕನಿಗೆ ಇಟ್ಟು ಎತ್ತಿ, ಇಟ್ಟು ಎತ್ತಿ ದವಡೆ ನೋಯತೊಡಗಿತು.

ಅರ್ಧ ದಾರಿಯಲ್ಲಿ ಒಬ್ಬಳು ಹೂವಿನ ಜೇನು ಮೆತ್ತಿದ ಎಸಳನ್ನು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ಆ ಮೊರೆ ಕೇಳಿ ಕರುಳು ಚುರುಕ್ ಅಂತು ಕಣಕ್ಕ. ಮೂರು ದಿನವೂ ಅತ್ತಿದ್ದೀನಿ. ನನ್ನಷ್ಟು ಅಳೋರು ಈ ಸಾಲಲ್ಲೇ ಇಲ್ಲ ಅಂತ ಎಲ್ರೂ ಹೇಳ್ತಾರೆ." ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ಎಸಳನ್ನು ಜೋಪಾನವಾಗಿ ಕಚ್ಚಿಕೊಂಡು ಮತ್ತೆ ನಿಂತಳು.

ಏನು ಹೇಳುವುದು ಇಂಥವರಿಗೆ! ಕೇಳುವವರಿಗೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ದ್ಯಾವೀರಕ್ಕನಿಗೆ ಏನೂ ಅನ್ನಿಸಲಿಲ್ಲ. ಅವಳ ಕಣ್ಣು ಕಳ್ಳಿಯನ್ನು ಹುಡುಕುತ್ತಿತ್ತು.

ಅಷ್ಟರಲ್ಲಿ ಗಾಳಿ ಬಂತು. ಗಾಳಿಗೆ ಮೊದಲಿನಿಂದಲೂ ಬೇರೆ ಕೆಲಸವಿಲ್ಲ.

"ಏನಕ್ಕ, ಏನೋ ಕಳಕೊಂಡ ಹಾಗದೆ?"

ದ್ಯಾವೀರಕ್ಕ ಕಾಳು ಕೆಳಗಿಟ್ಟಳು. "ಭೂಮಿತಾಯಿ ಕಳಿಸಿದ ಸಾವಿರ ತುತ್ತು. ನೋಡಿದ್ಯಾ?"

"ಬೆಳಿಗ್ಗೆಯಿಂದ ನೋಡ್ತಾನೇ ಇದ್ದೀನಿ."

"ಎಲ್ಲಿ? ಯಾರ ಹತ್ರ?"

ಗಾಳಿ ನಕ್ಕಿತು. ಅದು ನಕ್ಕ ನಗುವಿಗೆ ಗುಡ್ಡದ ಹುಲ್ಲೆಲ್ಲ ನೆಲಕ್ಕೆ ಬಾಗಿಹೋಯಿತು. "ಈಗ ಏನೋ ಕೆಳಗಿಟ್ಟೆಯಲ್ಲ ಅಕ್ಕ, ಅದನ್ನ ಮರೀದೆ ಎತ್ಕೊಂಡು ಹೋಗು."

"ನನ್ನ ಬುತ್ತಿ ಚಿಂತೆ ನಿನಗ್ಯಾಕೋ! ಹೋಗು, ಎಲ್ಲಾದ್ರೂ ಬಾಗಿಲು ಬಡಿ ಹೋಗು!" ಎಂದು ಗದರಿಸಿ, ದ್ಯಾವೀರಕ್ಕ ಕಾಳು ಕಚ್ಚಿಕೊಂಡು ಮುಂದೆ ನಡೆದಳು.

ಹೊತ್ತು ಇಳಿಯತೊಡಗಿತು. ಹುಣಸೇಮರ ಬಂತು. ಸಾಲಿನ ಕೆಳತುದಿಯಲ್ಲಿ ನಿಂತಿದ್ದವಳು ಚೌಡಿ. ಪುಟ್ಟಮಾದಿಯ ನೆರೆಮನೆಯವಳು. ಮೂರು ಹೆಜ್ಜೆ ಇಟ್ಟರೆ ಪುಟ್ಟಮಾದಿಯ ಗೂಡು. ಚೌಡಿಯ ಬಾಯಲ್ಲಿ ಅವಳ ತಲೆಯಷ್ಟೇ ದೊಡ್ಡ ಆಲೆಬೆಲ್ಲದ ಚೂರು.

ದ್ಯಾವೀರಕ್ಕನನ್ನು ಕಂಡು ಚೌಡಿ ಬೆಲ್ಲವನ್ನು ಕಾಲ ಬಳಿ ಇಟ್ಟಳು. "ಅಯ್ಯೋ ಬಾರಕ್ಕ. ಆ ಮಕ್ಕಳ ಗೋಳು ನೋಡೋಕಾಗಲ್ಲ. ಮೂರು ದಿನದಿಂದ ಮೊರೆ ಕಳಿಸ್ತಾನೇ ಇದ್ದೀನಿ. ಇನ್ನೊಂದು ಸಲ ಕಳಿಸಲಾ?"

ಇವಳೇ ಕಳ್ಳಿ! ದ್ಯಾವೀರಕ್ಕನಿಗೆ ಅನುಮಾನವೇ ಉಳಿಯಲಿಲ್ಲ. ದಾರಿಯುದ್ದಕ್ಕೂ ಕೂಡಿಟ್ಟ ಸಿಟ್ಟೆಲ್ಲ ಗಂಟಲಿಗೆ ಬಂತು. ಬಾಯಿಗೆ ಬಂದ ಹಾಗೆ ಬೈಯಬೇಕು ಎಂದು ಬಾಯಿ ತೆರೆಯಹೋದಳು.

ಬಾಯಲ್ಲಿ ಕಾಳು.

ಬೈಯಬೇಕಾದರೆ ಅದನ್ನು ಕೆಳಗಿಡಬೇಕು. ಇಡಲು ತಲೆ ಬಗ್ಗಿಸಿದಳು. ಇಟ್ಟಳು. ಇಟ್ಟ ಮೇಲೆ ಅದನ್ನು ನೋಡಿದಳು. ಮಧ್ಯಾಹ್ನದಿಂದ ಐನೂರು ಸಲ, ಸಾವಿರ ಸಲ ಇಟ್ಟು ಎತ್ತಿದ ಕಾಳು. ಅಲ್ಲಿಯವರೆಗೆ ಒಂದು ಸಲವೂ ಅದನ್ನು ಅವಳು ನೋಡಿರಲಿಲ್ಲ.

ಹಿಂದಕ್ಕೆ ತಿರುಗಿ ಸಾಲನ್ನು ನೋಡಿದಳು. ಗುಡ್ಡದ ತುದಿಯವರೆಗೆ ಸಾವಿರ ಜನ. ಸಾವಿರ ಬಾಯಿ. ಸಾವಿರ ತುತ್ತು. ಎಲ್ಲಾ ದಾರಿಯಲ್ಲೇ ನಿಂತಿತ್ತು.

ನಿನ್ನೆ ಸಂಜೆ ಮನೆಯಲ್ಲಿ ಕಾಲು ಚಾಚಿ ಕೂತು ತಿಂದದ್ದು ನೆನಪಾಯಿತು. ಮೊನ್ನೆಯದೂ ನೆನಪಾಯಿತು. ತಿನ್ನುತ್ತಾ ಗೊಣಗಿಕೊಂಡದ್ದೂ ನೆನಪಾಯಿತು. ದ್ಯಾವೀರಕ್ಕನಿಗೆ ನಾಚಿಕೆಯಾಯಿತು.

ಅವಳು ಕಾಳನ್ನು ಎತ್ತಿಕೊಂಡು ಮೂರು ಹೆಜ್ಜೆ ನಡೆದು ಗೂಡಿನೊಳಗೆ ಹೋದಳು.

ಪುಟ್ಟಮಾದಿ ಗೋಡೆಗೆ ಒರಗಿ ಬಿದ್ದಿದ್ದಳು. ಸುತ್ತ ಏಳು ಬಿಳಿ ಮರಿಗಳು. ದ್ಯಾವೀರಕ್ಕ ಕಾಳನ್ನು ಅಗಿದು ಮೆತ್ತಗೆ ಮಾಡಿ ಮೊದಲನೆಯದರ ಬಾಯಿಗೆ ಬಾಯಿ ತಾಗಿಸಿ ಕೊಟ್ಟಳು. ಅದು ನುಂಗಿತು. ಎರಡನೆಯದಕ್ಕೆ ಕೊಟ್ಟಳು, ನುಂಗಿತು. ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಐದನೆಯದಕ್ಕೆ, ಆರನೆಯದಕ್ಕೆ ಕೊಟ್ಟಳು.

"ಭೂಮಿತಾಯಿ ಕಳಿಸಿದ್ದಾ ಅಕ್ಕ?" ಎಂದು ಪುಟ್ಟಮಾದಿ ಕ್ಷೀಣವಾಗಿ ಕೇಳಿದಳು.

"ಹೂಂ ಕಣವ್ವ" ಎಂದಳು ದ್ಯಾವೀರಕ್ಕ. "ಮೊದಲನೇ ದಿನವೇ ಕಳಿಸಿದ್ಲು. ತರಬೇಕಾದವಳು ನಾನು. ನಾನೇ ತರಲಿಲ್ಲ."

ಏಳನೆಯದರ ಹತ್ತಿರ ಬರುವಷ್ಟರಲ್ಲಿ ಕಾಳು ಮುಗಿದಿತ್ತು. ಅದು ಬಾಯಿ ಮುಚ್ಚಿಕೊಂಡು ಅಲುಗದೆ ಮಲಗಿತ್ತು. ದ್ಯಾವೀರಕ್ಕ ಗೂಡಿನ ಬಾಯಿಗೆ ಬಂದಳು. ಹೊರಗೆ ಚೌಡಿ ಬೆಲ್ಲದ ಚೂರಿನ ಪಕ್ಕದಲ್ಲಿ ನೆಟ್ಟಗೆ ನಿಂತೇ ಇದ್ದಳು.

"ಅಕ್ಕ, ಕೊನೇದಕ್ಕೆ ಇನ್ನೂ ಏನೂ ಸಿಕ್ಕಿಲ್ಲ ಅಂತ ಮೊರೆ ಕಳಿಸಲಾ?" ಎಂದಳು.

"ಚೌಡೀ!" ಎಂದು ದ್ಯಾವೀರಕ್ಕ ಚೀರಿದಳು. ಆ ಚೀರು ಗುಡ್ಡದ ಮೇಲೆ ಭೂಮಿತಾಯಿಗೂ ಕೇಳಿಸಿತಂತೆ. "ನಿನ್ನ ಕಾಲ ಬುಡದಲ್ಲಿ ಏನದೆ ನೋಡೇ!"

ಚೌಡಿ ಕಾಲ ಬುಡ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ, "ಅಯ್ಯೋ ನನ್ನ ಹಣೆಬರಹವೇ" ಎಂದು ಬೆಲ್ಲ ಎತ್ತಿಕೊಂಡು ಒಳಗೆ ಓಡಿದಳು.

ಕೊನೆಯ ಮಗು ಬಾಯಿ ತೆರೆಯಲಿಲ್ಲ. ದ್ಯಾವೀರಕ್ಕ ತನ್ನ ಎರಡೂ ಮೀಸೆಗಳಿಂದ ಅದರ ಮೂತಿಯನ್ನು ಮೆಲ್ಲಗೆ ತಟ್ಟಿದಳು. "ಉಣ್ತೀಯಾ ಕಂದಾ? ಉಣ್ತೀಯಾ?" ತಟ್ಟಿದಳು, ಕೇಳಿದಳು. ಮತ್ತೆ ತಟ್ಟಿದಳು, ಮತ್ತೆ ಕೇಳಿದಳು. ಪುಟ್ಟಮಾದಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಗಾಳಿಯೂ ನಗುವುದನ್ನು ಬಿಟ್ಟು ಗೂಡಿನ ಬಾಯಲ್ಲಿ ಸುಮ್ಮನೆ ನಿಂತಿತ್ತು. ಕೊನೆಗೆ ಆ ಪುಟ್ಟ ಬಾಯಿ ಒಂದು ಕೂದಲೆಳೆಯಷ್ಟು ತೆರೆಯಿತು. ಚೌಡಿ ಕರಗಿಸಿದ ಬೆಲ್ಲದ ಹನಿಯನ್ನು ಬಾಯಿಂದ ಬಾಯಿಗೆ ಇಟ್ಟಳು. ಮಗು ಚಪ್ಪರಿಸಿತು. ಪುಟ್ಟಮಾದಿ ಮೂರು ದಿನದಲ್ಲಿ ಮೊದಲ ಸಲ ಜೋರಾಗಿ ಅತ್ತಳು.

ಹೊರಗೆ ಬಂದ ಮೇಲೆ ಚೌಡಿ ಮೆಲ್ಲಗೆ ಕೇಳಿದಳು. "ಅಕ್ಕ, ತುತ್ತು ಮುಟ್ಟಿತು ಅಂತ ಮೇಲಕ್ಕೆ ಹೇಳಿ ಕಳಿಸಲಾ?"

"ಬೇಡ ತಾಯಿ, ಕೈ ಮುಗೀತೀನಿ" ಎಂದಳು ದ್ಯಾವೀರಕ್ಕ. "ಇನ್ಮೇಲೆ ಮೇಲಕ್ಕೆ ಏನೂ ಕಳಿಸೋದು ಬೇಡ. ಎದುರಿಗೆ ಸಿಕ್ಕಿದವಳನ್ನ ಕೇಳು, ಉಂಡ್ಯಾ ಅಂತ. ಇಲ್ಲ ಅಂದ್ರೆ ಬಾಯಲ್ಲಿರೋದನ್ನ ಕೊಡು. ಅಷ್ಟೇ."

ಅದನ್ನೇ ಹೇಳುತ್ತಾ ಅವಳು ಸಾಲಿನುದ್ದಕ್ಕೂ ಮತ್ತೆ ಮೇಲಕ್ಕೆ ನಡೆದಳು. ಒಬ್ಬೊಬ್ಬಳ ಎದುರೂ ನಿಂತು, ಮೂತಿಗೆ ಮೂತಿ ತಾಗಿಸಿ, ಮೀಸೆಯಿಂದ ತಟ್ಟಿ, "ಉಂಡ್ಯಾ?" ಎಂದು ಕೇಳಿದಳು. ಸಾವಿರ ಜನರಿಗೂ ಅದು ಒಂದೇ ಸಲಕ್ಕೆ ತಲೆಗೆ ಹತ್ತಿತು ಎಂದುಕೊಳ್ಳಬೇಡ. ಎಸಳಿನವಳಿಗೆ ನಾಲ್ಕು ಸಲ ಹೇಳಬೇಕಾಯಿತು.

ಆವತ್ತಿನಿಂದ ಇರುವೆಗಳ ಮೊರೆ ಗುಡ್ಡದ ತುದಿಗೆ ಹೋಗಲಿಲ್ಲ. ಭೂಮಿತಾಯಿ ಒಂದು ದಿನ ಕಾದಳು, ಎರಡು ದಿನ ಕಾದಳು. ಮೂರನೆಯ ದಿನ, "ಅಂತೂ ಗೊತ್ತಾಯ್ತಲ್ಲ, ಪುಣ್ಯಾತ್ಗಿತ್ತಿಯರಿಗೆ" ಎಂದು ನಿಟ್ಟುಸಿರು ಬಿಟ್ಟಳು. ಕೈ ತೊಳೆದುಕೊಂಡು ಆಮೆಯನ್ನು ಕರೆದು ಎದುರಿಗೆ ಕೂರಿಸಿಕೊಂಡು, ಚಿಪ್ಪಿನೊಳಗೆ ಹೋಗುವುದನ್ನು ಹೇಳಿಕೊಟ್ಟಳು.

ಅದಕ್ಕೇ ನೋಡು, ಇವತ್ತಿಗೂ ನಮ್ಮ ಅಡಿಗೆಮನೆಯ ಗೋಡೆಯ ಮೇಲೆ ಎರಡು ಇರುವೆ ಎದುರಾದರೆ, ಎಷ್ಟೇ ಅವಸರವಿದ್ದರೂ ಒಂದು ಗಳಿಗೆ ನಿಂತು, ಮೂತಿಗೆ ಮೂತಿ ತಾಗಿಸಿ, "ಉಂಡ್ಯಾ?" ಎಂದು ಕೇಳಿಯೇ ಮುಂದೆ ಹೋಗುತ್ತವೆ; ಇಲ್ಲ ಎಂದವಳಿಗೆ ಅಲ್ಲೇ, ಕೇಳಿದವಳ ಬಾಯಿಂದಲೇ, ಒಂದು ತುತ್ತು ಸಿಗುತ್ತದೆ.