ಮಸಿ ಕೈಯ ಕೆಂಚ ಮತ್ತು ಅಮ್ಮಣ್ಣಿಯ ಬರೆಯುವ ಪೆಟ್ಟಿಗೆ

ಬಿಳಿಗಲ್ಲೂರಿನ ಬೀದಿಬೀದಿಯಲ್ಲಿ ಡಂಗುರ ಸಾರಿದರು. ರಾಜಕುಮಾರಿ ನಾಗಲಾಂಬೆ ಅಮ್ಮಣ್ಣಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ ಒಂದು ವರ, ಒಂದರಲ್ಲಿ ಸೋತರೂ ಹುಣ್ಣಿಮೆಯ ದಿನ ತಲೆದಂಡ. ಜಾತಿ ಕುಲ ಕೇಳುವುದಿಲ್ಲ, ಅಲ್ಲಿಯವರೆಗೆ ಯಾರು ಬೇಕಾದರೂ ಬರಬಹುದು.

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಪೆಟ್ಟಿಗೆ. ಅಮ್ಮಣ್ಣಿ ತಾವೇ ಉಳಿ ಹಿಡಿದು ಮಾಡಿದ ಬರೆಯುವ ಪೆಟ್ಟಿಗೆ ಅದು. ಒಂದೊಂದು ಕೀಲಿ ಒತ್ತಿದರೆ ಒಂದೊಂದು ಅಕ್ಷರ ಕಾಗದದ ಮೇಲೆ ಮೂಡುತ್ತಿತ್ತು. ಕೀಲಿಗಳ ಮೇಲೆ ಬಿಳಿ ಮರದ ಪುಟ್ಟ ಟೊಪ್ಪಿಗಳು, ಟೊಪ್ಪಿಗಳ ಮೇಲೆ ಮಸಿಯಲ್ಲಿ ಬರೆದ ಅಕ್ಷರಗಳು. ವಾರ ಕಳೆಯುವುದರೊಳಗೆ ಬೆರಳಿನ ಬೆವರಿಗೆ ಅಕ್ಷರ ಮಾಯ. ಬಣ್ಣ ಬಳಿದರು, ಬಂಗಾರದ ರೇಕು ಅಂಟಿಸಿದರು, ಅದೂ ಹೋಯಿತು, ಕೊನೆಗೆ ಹಾಗೇ ಬಿಟ್ಟರು. ಬೋಳು ಟೊಪ್ಪಿಗಳ ಮೇಲೆ ತಡಕಾಡಿದ ಹೊಸ ಗುಮಾಸ್ತನೊಬ್ಬ ಗಡಿಗೆ ತಪ್ಪು ಆಜ್ಞೆ ಕಳಿಸಿ, ಒಂದು ಊರಿಗೆ ಊರೇ ಗುಳೆ ಎದ್ದಿತ್ತು. ಅಂದಿನಿಂದ ಅಮ್ಮಣ್ಣಿ ನಕ್ಕಿರಲಿಲ್ಲ.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ಒರೆಸಿದಷ್ಟೂ ಎದ್ದು ಕಾಣುವ ಬರಹ ಯಾವುದು ಎಂದು ಅಮ್ಮಣ್ಣಿ ಕೇಳಿದರು. ನಾಣ್ಯದ ಮೇಲಿನ ನಮ್ಮಪ್ಪನ ಮುದ್ರೆ ಎಂದು ಅವನು ಮೀಸೆ ತಿರುವಿದ. ಅಮ್ಮಣ್ಣಿ ಅವನ ಕೈಗೆ ಒಂದು ಹಳೆ ನಾಣ್ಯ ಕೊಟ್ಟರು. ಸವೆದು ಸವೆದು ಅವನಪ್ಪನಿಗೆ ಮೂಗೇ ಇರಲಿಲ್ಲ. ಯುವರಾಜ ಸೆರೆಮನೆಗೆ ಹೋದ.

ಎರಡನೆಯವರು ಆಸ್ಥಾನದ ಲಿಪಿಕಾರ ಮಲ್ಲರಸ ಪಂಡಿತರು. ನಲವತ್ತು ವರ್ಷ ತಾಳೆಗರಿ ಬರೆದವರು. ಅದೇ ಒಗಟಿಗೆ ಅವರು ಹಣೆಬರಹ ಎಂದರು. ಎಷ್ಟು ಒರೆಸಿದರೂ ಹೋಗುವುದಿಲ್ಲ ಎಂದು ವಿವರಿಸಿದರು.

"ಹೋಗದಿರುವುದು ನಿಜ, ಪಂಡಿತರೇ. ಆದರೆ ಕಂಡವರು ಯಾರು?" ಎಂದರು ಅಮ್ಮಣ್ಣಿ.

ಪಂಡಿತರನ್ನೂ ಸೆರೆಗೆ ಒಯ್ದರು. ಸುದ್ದಿ ಓಲೆಮನೆ ಮುಟ್ಟಿದಾಗ ಅವರ ಆಳು ಕೆಂಚ ಗರಿಗಳಿಗೆ ಮಸಿ ತಿಕ್ಕುತ್ತ ಕೂತಿದ್ದ. ಹೆಸರು ಕೆಂಚ, ಕೈ ಮಾತ್ರ ಮೊಣಕೈವರೆಗೆ ಕಪ್ಪು. ಹನ್ನೆರಡು ವರ್ಷದಿಂದ ಅವನದು ಅದೊಂದೇ ಕೆಲಸ. ಪಂಡಿತರು ಉಕ್ಕಿನ ಮೊನೆಯಿಂದ ಗರಿಯ ಮೇಲೆ ಕೊರೆದು ಎದ್ದುಹೋಗುತ್ತಿದ್ದರು. ಕೊರೆದದ್ದು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಕೆಂಚ ಅದಕ್ಕೆ ದೀಪದ ಕರಿ ಕಲಸಿದ ಎಣ್ಣೆ ತಿಕ್ಕಿ, ಬಟ್ಟೆಯಲ್ಲಿ ಒರೆಸುತ್ತಿದ್ದ. ಪಂಡಿತರು ಆ ಕೆಲಸವನ್ನು ಒಮ್ಮೆಯೂ ನಿಂತು ನೋಡಿದವರಲ್ಲ.

ಒಗಟು ಏನಂತೆ ಎಂದು ಕೆಂಚ ಸುದ್ದಿ ತಂದವನನ್ನು ಕೇಳಿದ. ಒಗಟು ಕೇಳಿಸಿಕೊಂಡು ತನ್ನ ಕೈಯಲ್ಲಿದ್ದ ಗರಿಯನ್ನೇ ನೋಡಿದ. ಅವನಿಗೆ ಹೆದರಿಕೆಯಾಯಿತು, ಚೆನ್ನಾಗಿಯೇ ಆಯಿತು. ಆದರೆ ಅನಾಥನಾಗಿ ಬಂದ ತನಗೆ ಅನ್ನ ಹಾಕಿದವರ ತಲೆ ಉರುಳಲು ಇನ್ನು ನಾಲ್ಕೇ ದಿನವಿತ್ತು. ಮಸಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅರಮನೆಗೆ ನಡೆದುಬಿಟ್ಟ.

ಅವನನ್ನು ಕಂಡು ಆಸ್ಥಾನದವರು ಮೂಗು ಮುಚ್ಚಿಕೊಂಡರು. ಅಮ್ಮಣ್ಣಿ ಮೊದಲ ಒಗಟು ಕೇಳಿದರು. ಕೆಂಚ ಪೆಟ್ಟಿಗೆಯ ಒಂದು ಟೊಪ್ಪಿಯನ್ನೂ ಉಕ್ಕಿನ ಮೊನೆಯನ್ನೂ ಬೇಡಿ ಪಡೆದ. ಸಾವಿರಾರು ಸಲ ಕಣ್ಣಲ್ಲಿ ಕಂಡಿದ್ದ ಒಂದು ಅಕ್ಷರದ ರೂಪವನ್ನು ಮರದಲ್ಲಿ ಆಳಕ್ಕೆ ಕೊರೆದ. ಮೇಲೆ ಮಸಿ ಬಳಿದ. ಟೊಪ್ಪಿ ಪೂರ್ತಿ ಕಪ್ಪಾಯಿತು, ಸಭೆ ಗೊಳ್ಳೆಂದಿತು. ಅವನು ತಲೆಯೆತ್ತದೆ ಒರೆಸಿದ, ಮತ್ತೆ ಒರೆಸಿದ. ಬಿಳಿ ಮರದ ಮೇಲೆ ಅಕ್ಷರ ಕಪ್ಪಗೆ ಎದ್ದು ಕೂತಿತು.

"ಮೇಲಿದ್ದದ್ದು ಬಟ್ಟೆಗೆ ಬತ್ತದೆ, ಒಳಗಿಳಿದದ್ದು ಉಳ್ಕತದೆ ಬುದ್ದಿ," ಎಂದ.

ಅಮ್ಮಣ್ಣಿ ಎರಡನೆಯದನ್ನು ಕೇಳಿದರು. "ಬೆರಳು ತನ್ನ ನೆತ್ತಿಯ ಮೇಲೆ ಕೂತಾಗಲೂ ಮುಖ ತೋರಿಸುವ ಅಕ್ಷರ ಯಾವುದು?"

ಕೆಂಚ ಟೊಪ್ಪಿಯ ಮೇಲೆ ಬೆರಳಿಟ್ಟು ನೋಡಿದ, ತೆಗೆದ, ಮತ್ತೆ ಇಟ್ಟ. ಕಾವಲಿನವನು ಕತ್ತಿಯ ಹಿಡಿ ಮುಟ್ಟಿದ. ಕೆಂಚ ಓಲೆಮನೆಯನ್ನು ಮನಸ್ಸಿಗೆ ತಂದುಕೊಂಡ. ಅಲ್ಲಿ ಓಲೆಯ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಮೇಲಿನ ಕಟ್ಟು ಕೆಳಗಿನದರ ಮುಖ ಮುಚ್ಚುವುದರಿಂದ ಗುರುತನ್ನು ಪಕ್ಕದ ಅಂಚಿಗೆ ಹಾಕಿರುತ್ತಾರೆ. ಅವನು ಟೊಪ್ಪಿಯನ್ನು ತಿರುಗಿಸಿ, ಬರೆಯಲು ಕೂತವರ ಕಡೆಗಿನ ಇಳಿಜಾರು ಮೈಯನ್ನು ತೋರಿಸಿದ. ಅಲ್ಲಿ ಬರೆದರೆ ಬೆರಳು ಮುಚ್ಚುವುದೂ ಇಲ್ಲ, ಸವೆಸುವುದೂ ಇಲ್ಲ ಎಂದ. ಈ ಸಲ ಯಾರೂ ನಗಲಿಲ್ಲ.

"ಕೊನೆಯದು," ಎಂದರು ಅಮ್ಮಣ್ಣಿ. "ಪೆಟ್ಟಿಗೆ ಮಾಡಿದ ನನಗೆ ಟೊಪ್ಪಿಯ ಮೇಲೆ ಅಕ್ಷರ ಬೇಡ, ಯಾವುದು ಎಲ್ಲಿದೆ ಎಂದು ಬಲ್ಲೆ. ದಿನವೂ ಬರೆದು ಪಳಗಿದವನಿಗೂ ಬೇಡ, ಅವನ ಬೆರಳಿಗೇ ಗೊತ್ತು. ಹಾಗಾದರೆ ಅದು ಯಾರಿಗೆ ಬೇಕು?"

ಉತ್ತರ ಕೆಂಚನಿಗೆ ಕೂಡಲೇ ಹೊಳೆಯಿತು. ಆದರೆ ಹನ್ನೆರಡು ವರ್ಷ ಅಕ್ಷರಗಳ ನಡುವೆ ಬದುಕಿದವನ ಗುಟ್ಟು ಅದು, ಹೇಳಲು ನಾಚಿಕೆ. ಪಂಡಿತರ ಮುಖ ನೆನೆಸಿಕೊಂಡು ಗಟ್ಟಿ ಮನಸ್ಸು ಮಾಡಿದ.

"ನಂಗೆ ಬೇಕು ಬುದ್ದಿ. ನಂಗೆ ಓದಕ್ಕೆ ಬರಕಿಲ್ಲ. ಇವತ್ತು ಕಲಿಯಕ್ಕೆ ಕೂತೋನಿಗೆ ಬೇಕು."

ಅಮ್ಮಣ್ಣಿ ನಕ್ಕರು. ಎಷ್ಟೋ ತಿಂಗಳ ಮೇಲಿನ ನಗು. ಮೂರೂ ಸರಿಯೆಂದರು. ಒಳಗಿಳಿದ ಅಕ್ಷರ, ಇಳಿಜಾರಿನ ಅಕ್ಷರ, ಹೊಸಬರಿಗಾಗಿ ಬರೆದ ಅಕ್ಷರ. ಬಲ್ಲವರು ತಾವು ಬಲ್ಲೆವೆಂದು ಬೋಳು ಬಿಟ್ಟದ್ದಕ್ಕೇ ಒಂದು ಊರು ಗುಳೆ ಎದ್ದಿತು, ಅದರಲ್ಲಿ ನನ್ನ ತಪ್ಪೂ ಇದೆ ಎಂದು ತುಂಬಿದ ಸಭೆಯಲ್ಲೇ ಒಪ್ಪಿಕೊಂಡರು. ಏನು ವರ ಬೇಕೆಂದು ಕೇಳಿದರು.

ಅರ್ಧ ರಾಜ್ಯ ಕೇಳುತ್ತಾನೆಂದು ಮಂತ್ರಿಗಳು ಎದೆ ಹಿಡಿದುಕೊಂಡರು. ಕೆಂಚ ಸೆರೆಯಲ್ಲಿದ್ದ ಇಬ್ಬರ ತಲೆ ಕೇಳಿದ, ಕುತ್ತಿಗೆಯ ಸಮೇತ.

ಯುವರಾಜ ಹಿಂದೆ ನೋಡದೆ ಊರಿಗೆ ಓಡಿದ. ಪಂಡಿತರು ಓಲೆಮನೆಗೆ ಬಂದು ತಲೆ ತಗ್ಗಿಸಿ ಕೂತರು. ಅಮ್ಮಣ್ಣಿ ಕೆಂಚನನ್ನು ಟೊಪ್ಪಿಗಳ ಅಧಿಕಾರಿಯಾಗಿ ನೇಮಿಸಿ, ಪೆಟ್ಟಿಗೆಯನ್ನು ಅವನ ವಶಕ್ಕೆ ಕೊಟ್ಟರು. ಎಂಟು ದಿನದಲ್ಲಿ ಅವನು, ಅಮ್ಮಣ್ಣಿ ತೋರಿಸಿಕೊಟ್ಟಂತೆ, ಎಲ್ಲ ಟೊಪ್ಪಿಗಳ ಇಳಿಜಾರಿನಲ್ಲೂ ಅಕ್ಷರ ಕೊರೆದು ಮಸಿ ತುಂಬಿದ.

ಒಂಬತ್ತನೆಯ ದಿನ ಪಂಡಿತರು ಒಂದು ಗರಿ ತೆಗೆದುಕೊಂಡು ಏನೋ ಕೊರೆದು ಮುಂದೆ ಚಾಚಿದರು. ಕೆಂಚ ಎಂದಿನಂತೆ ಮಸಿ ತಿಕ್ಕಿ ಒರೆಸಿದ. ಎರಡು ಅಕ್ಷರ ಮೂಡಿದವು.

"ಅಯ್ನೋರೆ, ಏನಿದು?"

"ನಿನ್ನ ಹೆಸರು ಕಣೋ," ಎಂದರು ಪಂಡಿತರು.

ಅಷ್ಟು ವರ್ಷ ಒರೆಸಿದ ಗರಿಗಳಲ್ಲಿ ಅವನ ಹೆಸರಿದ್ದದ್ದು ಅದೇ ಮೊದಲು. ಕೆಂಚ ಗರಿಯನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟ. ಸಾಲು ಸಾಲು ಟೊಪ್ಪಿಗಳನ್ನು ಒಂದೊಂದಾಗಿ ಹೋಲಿಸುತ್ತ ಹೋದ. ತೋರಿಸಲು ಪಂಡಿತರು ಬೆರಳು ಚಾಚಿದರು, ಆಮೇಲೆ ತಾವೇ ಹಿಂದಕ್ಕೆ ಎಳೆದುಕೊಂಡರು. ಮೂರನೆಯ ಸಾಲಿನಲ್ಲಿ ಅವನಿಗೆ ತನ್ನ ಮೊದಲ ಅಕ್ಷರ ಸಿಕ್ಕಿತು. ಒತ್ತಿದ.