ಕೆಸರು ಎಂದು ಬರೆದ ಸಾಲು

'ಕಡಲಕೊಕ್ಕರೆ' ಎಂಬ ಹಾಯಿಹಡಗಿನಲ್ಲಿ ಹನ್ನೆರಡು ಮಂದಿ ಹುಡುಗ ಹುಡುಗಿಯರು ಕಲಿಯುತ್ತಿದ್ದರು. ಹಾಯಿ ಬಿಚ್ಚುವುದು, ಗಂಟು ಹಾಕುವುದು, ಚುಕ್ಕಾಣಿ ಹಿಡಿಯುವುದು ಒಂದು ಪಾಠ. ನೀರಿನ ಉಪ್ಪು ಅಳೆಯುವುದು, ಕಣ್ಣಿಗೆ ಕಾಣದ ಜೀವಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಇನ್ನೊಂದು ಪಾಠ. ಎರಡಕ್ಕೂ ಗುರು ಒಬ್ಬರೇ, ಕ್ಯಾಪ್ಟನ್ ಅಂಬ್ರೋಸ್. ಮಂಗಳೂರಿನವರು, ಮಾತು ಕಡಿಮೆ. ಅವರು ಕೆಮ್ಮಿದರೂ ಮಕ್ಕಳು ನೆಟ್ಟಗೆ ನಿಲ್ಲುತ್ತಿದ್ದರು.

ಆ ಹನ್ನೆರಡು ಜನರಲ್ಲಿ ಕಸ್ತೂರಿ ಬಾಗಲಕೋಟೆ ಕಡೆಯವಳು. ಹದಿನೇಳು ವರ್ಷ. ಆಲಮಟ್ಟಿ ಹಿನ್ನೀರಿಗಿಂತ ದೊಡ್ಡ ನೀರನ್ನು ಅವಳು ಅಲ್ಲಿಯತನಕ ಕಂಡವಳಲ್ಲ. ಈ ಸೀಟಿಗಾಗಿ ಮನೆಯಲ್ಲಿ ಒಂದು ವರ್ಷ ಹಟ ಹಿಡಿದಿದ್ದಳು. ಅವಳ ಕಾಕಾ ಕೊನೆಗೆ ಒಪ್ಪಿ, "ಹೋಗವ್ವಾ, ಹೋಗು. ಆದ್ರ ಅರ್ಧಕ್ಕ ತಿರುಗಿ ಬಂದ್ರ ಮತ್ತ ಕಳಸಂಗಿಲ್ಲ ನೋಡು" ಎಂದಿದ್ದ. ಹಾಗಾಗಿ ಅವಳಿಗೆ ಕಡಲಿಗಿಂತ ಹೆಚ್ಚಿನ ಭಯ ಮನೆಗೆ ವಾಪಸು ಹೋಗುವುದರದ್ದು.

ಹಡಗಿನಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಉದ್ದನೆಯ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಡಬೇಕು. ಹಗ್ಗದಲ್ಲಿ ಒಂದೊಂದು ಮಾರಿಗೆ, ಅಂದರೆ ಎರಡು ತೋಳು ಚಾಚಿದಷ್ಟು ಉದ್ದಕ್ಕೆ, ಒಂದು ತೊಗಲಿನ ತುಂಡು ಕಟ್ಟಿರುತ್ತದೆ, ಅದನ್ನು ಎಣಿಸಿದರೆ ಆಳ ಎಷ್ಟು ಮಾರು ಎಂದು ತಿಳಿಯುತ್ತದೆ. ಗುಂಡಿನ ತಳದಲ್ಲಿ ಒಂದು ಸಣ್ಣ ಗುಳಿ. ಅದಕ್ಕೆ ಕುರಿಕೊಬ್ಬು ಮೆತ್ತಿ ಬಿಟ್ಟರೆ, ತಳದಲ್ಲಿ ಏನಿದೆಯೋ ಅದು ಅಂಟಿಕೊಂಡು ಮೇಲೆ ಬರುತ್ತದೆ. ಆಳವನ್ನೂ ತಳವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕು.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಪ್ಟನ್ ತಾವೇ ಗುಂಡು ಬಿಟ್ಟು ತೋರಿಸಿದರು. ಕೊಬ್ಬಿಗೆ ಬೂದು ಬಣ್ಣದ ಕೆಸರು ಅಂಟಿ ಬಂತು.

"ನೋಡಿಕೊಳ್ಳಿ. ಕೆಸರಿನಲ್ಲಿ ಲಂಗರು ಕಚ್ಚಿಕೊಳ್ತದೆ. ಕಲ್ಲಿನಲ್ಲಿ ಜಾರ್ತದೆ. ಎರಡು ಗಂಟೆಗೊಮ್ಮೆ ಒಬ್ಬೊಬ್ಬರು ಮಾಡಬೇಕು. ಯಾರ ಸಾಲು ಖಾಲಿ ಉಂಟೋ, ಅವರು ಮುಂದಿನ ಬಂದರಿನಲ್ಲಿ ಇಳಿದು ಮನೆಗೆ ಹೋಗಬಹುದು."

ಇಷ್ಟು ಹೇಳಿ 'ಕೆಸರು' ಎಂದು ಬರೆದು ಅವರು ಹೊರಟುಹೋದರು. ಅವರಿಗೆ ಅದು ಒಂದು ಗದರಿಕೆ. ಮಕ್ಕಳಿಗೆ ಅದು ಎದೆಯಲ್ಲಿ ಕೂತ ಭಾರ.

ಹನ್ನೊಂದಕ್ಕೆ ಭಟ್ಕಳದ ಇಲಿಯಾಸ್ ಬರೆದ: ಕೆಸರು. ಒಂದು ಗಂಟೆಗೆ ಅಂಕೋಲೆಯ ವಾರಿಜಾ ಬರೆದಳು: ಕೆಸರು. ಮೂರಕ್ಕೆ ಕಸ್ತೂರಿಯ ಸರದಿ. ಅಷ್ಟು ಹೊತ್ತಿಗೆ ಅಲೆ ಏರಿ ಅವಳ ಹೊಟ್ಟೆಯೊಳಗಿದ್ದದ್ದೆಲ್ಲ ಎರಡು ಸಲ ಹೊರಗೆ ಬಂದಿತ್ತು. ಕೊಬ್ಬಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ನಾತಕ್ಕೆ ಮೂರನೆಯ ಸಲವೂ ಬಂತು. ಅವಳು ಮುಚ್ಚಳ ಹಾಕಿಬಿಟ್ಟಳು. ಬರಿ ಗುಂಡನ್ನೇ ಬಿಟ್ಟಳು. ಆಳವನ್ನು ಸರಿಯಾಗಿಯೇ ಎಣಿಸಿದಳು, ಹನ್ನೆರಡು ಮಾರು. ಗುಂಡು ತೊಳೆದಿಟ್ಟ ಹಾಗೆ ಮೇಲೆ ಬಂತು. ತಳ ಏನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಪುಸ್ತಕ ನೋಡಿದಳು. ಮೇಲೆ ಮೂರು ಸಾಲು ಕೆಸರು. ನಾಲ್ಕನೆಯದು ಬೇರೆ ಏನಾದೀತು ಎಂದುಕೊಂಡು ಅವಳೂ ಕೆಸರು ಎಂದೇ ಬರೆದಳು.

ಅರ್ಧ ಗಂಟೆ ಕಳೆದಿರಲಿಲ್ಲ, ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಒಮ್ಮೆಲೇ ಬಂದು ಬಡಿಯಿತು. ದೊಡ್ಡ ಹಾಯಿ ಮೇಲಿಂದ ಕೆಳತನಕ ಹರಿದುಹೋಯಿತು. ಹಡಗಿಗೆ ಒಂದು ಸಣ್ಣ ಎಂಜಿನ್ ಇತ್ತು, ಬೇಕಾದ ಹೊತ್ತಿಗೇ ಅದು ಕೈಕೊಟ್ಟಿತು. ಗಾಳಿ ಹಡಗನ್ನು ದಡದ ಕಡೆಗೆ ತಳ್ಳತೊಡಗಿತು. ಅಲ್ಲಿ ಕರಿಬಂಡೆಗಳ ಸಾಲಿತ್ತು. ಅಲೆ ಅವುಗಳ ಮೇಲೆ ಒಡೆದು ಮನೆಯೆತ್ತರ ಹಾರುವುದು ಹಡಗಿನಿಂದಲೇ ಕಾಣುತ್ತಿತ್ತು. ಮಕ್ಕಳಲ್ಲಿ ಕೆಲವರು ಅಳುತ್ತಿದ್ದರು. ಕಸ್ತೂರಿಗೆ ಅಳುವೂ ಬರಲಿಲ್ಲ.

ಉಳಿದದ್ದು ಒಂದೇ ದಾರಿ, ಲಂಗರು. ಇದ್ದ ದೊಡ್ಡ ಲಂಗರೂ ಒಂದೇ. ನಕ್ಷೆ ನೋಡಿದರೆ ಆ ಜಾಗದಲ್ಲಿ ಕೆಸರೂ ಇತ್ತು, ಕಲ್ಲೂ ಇತ್ತು, ಒಂದರ ಪಕ್ಕ ಒಂದು. ಕ್ಯಾಪ್ಟನ್ ಮಳೆಯಲ್ಲೇ ಕೂಗಿದರು.

"ಲಾಗ್‌ಬುಕ್ ತನ್ನಿ! ತಳ ಎಂತ ಉಂಟು?"

ವಾರಿಜಾ ಓದಿದಳು. "ಕೆಸರು ಸರ್. ನಾಲ್ಕೂ ಸಲ ಕೆಸರೇ."

"ದೇವರು ದೊಡ್ಡವ" ಎಂದರು ಕ್ಯಾಪ್ಟನ್. ಹಡಗಿನ ಖಲಾಸಿಗಳಿಬ್ಬರು ಲಂಗರಿನ ಸರಪಳಿ ಬಿಚ್ಚಲು ಓಡಿದರು.

ಕಸ್ತೂರಿ ಹಾಯಿಕಂಬಕ್ಕೆ ಆತುಕೊಂಡು ನಿಂತಿದ್ದಳು. ಒಂದು ಭಯ ಬಾಯಿ ಬಿಡು ಎನ್ನುತ್ತಿತ್ತು, ಇನ್ನೊಂದು ಬಾಯಿ ಮುಚ್ಚು ಎನ್ನುತ್ತಿತ್ತು. ಹೇಳಿದರೆ ಹಡಗಿನಿಂದ ಇಳಿಸುತ್ತಾರೆ, ಕಾಕಾ ಬಾಗಿಲಲ್ಲೇ ನಿಂತು ನೋಡುತ್ತಾನೆ. ಹೇಳದಿದ್ದರೆ? ತಳ ಕೆಸರೇ ಇದ್ದೀತು. ಉಳಿದ ಮೂವರೂ ಕೆಸರು ಎಂದೇ ಬರೆದಿದ್ದಾರಲ್ಲ! ಇದ್ದೀತು, ಇದ್ದೀತು ಎಂದು ಮನಸ್ಸಿಗೆ ಎಷ್ಟು ಸಲ ಹೇಳಿಕೊಂಡರೂ ಅದು ಒಪ್ಪಲಿಲ್ಲ. ಆ ಸಾಲು ಬರೆದದ್ದು ತನ್ನ ಕೈ, ಕಣ್ಣು ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಸರಪಳಿಯನ್ನು ತಡೆದಿದ್ದ ಕೊಂಡಿ ಬಡಿದು ಬಿಚ್ಚಲು ಖಲಾಸಿ ಸುತ್ತಿಗೆ ಎತ್ತಿದ.

"ಸರ್! ಬಿಡಬ್ಯಾಡ್ರೀ!" ಕಸ್ತೂರಿ ಕಿರುಚಿದಳು. "ಕಡೀ ಸಾಲು ನಂದ್ರೀ. ನಾ ನೋಡಿಲ್ರೀ! ಕೊಬ್ಬು ಹಚ್ಚಿದ್ದಿಲ್ಲ. ಸುಮ್ನ ಬರದೇನ್ರೀ!"

ಎಲ್ಲರೂ ಅವಳ ಕಡೆ ತಿರುಗಿದರು. ಕ್ಯಾಪ್ಟನ್ ಕೈ ಎತ್ತಿ ಖಲಾಸಿಯನ್ನು ತಡೆದರು. ಅವರ ಮುಖ ಬಿಳಚಿಕೊಂಡಿತ್ತು. ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ.

"ಈಗ ನೋಡು" ಎಂದರು ಅಷ್ಟೇ.

ಅವಳು ಡಬ್ಬಿಗೆ ಕೈ ಹಾಕಿ ಹಿಡಿ ಕೊಬ್ಬು ತೆಗೆದು ಗುಳಿಗೆ ಮೆತ್ತಿದಳು. ನಾತ ಬಂತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಗುಂಡು ಬಿಟ್ಟಳು, ಎಳೆದಳು. ಕೊಬ್ಬಿನ ಮೇಲೆ ಕೆಸರಿನ ಸುಳಿವೇ ಇಲ್ಲ. ಉಗುರಿನಿಂದ ಪರಚಿದಂಥ ಗೆರೆಗಳು, ಒಂದು ಚೂರು ಒಡೆದ ಚಿಪ್ಪು.

"ಕಲ್ಲೈತ್ರೀ!"

ಕ್ಯಾಪ್ಟನ್ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ಮುಂದಿನ ಸಣ್ಣ ಹಾಯಿ ಏರಿಸಲು ಹೇಳಿದರು. ಹಡಗು ಬಂಡೆಗಳ ಪಕ್ಕದಲ್ಲೇ ತೆಂಕಣಕ್ಕೆ ತೆವಳತೊಡಗಿತು. ತೆಂಕಣಕ್ಕೆ ಒಂದಡಿ ಹೋದರೆ ದಡದ ಕಡೆಗೂ ಒಂದಡಿ ಜಾರುತ್ತಿತ್ತು. ಕಸ್ತೂರಿ ಗುಂಡು ಬಿಡುತ್ತಲೇ ಇದ್ದಳು. ಕಲ್ಲು. ಮತ್ತೆ ಕಲ್ಲು. ಹನ್ನೊಂದು ಮಾರು, ಕಲ್ಲು. ಹತ್ತು ಮಾರು, ಕಲ್ಲು. ಹಗ್ಗ ತಿಕ್ಕಿ ಅಂಗೈ ಚರ್ಮ ಕಿತ್ತುಬಂತು. ಬಂಡೆಯಿಂದ ಸಿಡಿದ ನೀರು ಈಗ ಹಡಗಿನ ಮೇಲೇ ಬೀಳುತ್ತಿತ್ತು. ಇಲಿಯಾಸ್ ಗಟ್ಟಿಯಾಗಿ ದುವಾ ಹೇಳುತ್ತಿದ್ದ. ಮುಗಿಯಿತು, ಇನ್ನು ಮುಗಿಯಿತು ಎಂದೇ ಕಸ್ತೂರಿಗೆ ಅನಿಸಿತು. ಆದರೂ ಇನ್ನೊಂದು ಸಲ ಕೊಬ್ಬು ಮೆತ್ತಿ ಗುಂಡು ಬಿಟ್ಟಳು.

ಈ ಸಲ ಕೊಬ್ಬು ಬೂದಾಗಿ ಬಂತು.

"ಕೆಸರು! ಸರ್, ಕೆಸರು!"

"ನೋಡಿದ್ಯಾ ನೀನು?"

"ನೋಡೀನ್ರೀ! ಬೆರಳಿಗೆ ಹತ್ತೇತ್ರೀ!"

"ಬಿಡಿ ಲಂಗರು!"

ಸರಪಳಿ ದಡದಡನೆ ಇಳಿಯಿತು. ಬಿಗಿಯಿತು. ಹಡಗು ಒಮ್ಮೆ ಜಗ್ಗಿ, ಮೂತಿ ತಿರುಗಿಸಿ ಗಾಳಿಗೆ ಎದುರಾಗಿ ನಿಂತಿತು. ಹಿಂದೆ ಬಂಡೆ ಒಂದು ಕಲ್ಲೆಸೆತದಷ್ಟು ದೂರ. ಕಾಲು ಗಂಟೆ ಎಲ್ಲರೂ ಆ ಸರಪಳಿಯನ್ನೇ ನೋಡುತ್ತ ನಿಂತರು. ಲಂಗರು ಜಾರಲಿಲ್ಲ.

ಗಾಳಿ ತಗ್ಗಿದ ಮೇಲೆ ಕಸ್ತೂರಿ ತಾನೇ ಕ್ಯಾಪ್ಟನ್ ಮುಂದೆ ಹೋಗಿ ನಿಂತಳು. "ಸರ್, ನನ್ನ ಇಳಸ್ತೀರೇನ್ರೀ?"

ಅವರು ಉತ್ತರ ಕೊಡುವ ಮೊದಲೇ ಹಿಂದಿನಿಂದ ವಾರಿಜಾಳ ಅಳು ಕೇಳಿತು. "ಸರ್, ನಾನೂ ಕೊಬ್ಬು ಹಚ್ಚಿರಲಿಲ್ಲ. ಇಲಿಯಾಸ್ ಬರೆದದ್ದು ನೋಡಿ ಬರೆದೆ."

ಇಲಿಯಾಸ್ ತಲೆ ತಗ್ಗಿಸಿದ. "ಖಾಲಿ ಬಿಡಲು ಹೆದರಿಕೆಯಾಗಿ ನಾನು ನಿಮ್ಮದು ನೋಡಿ ಬರೆದೆ, ಸರ್."

ಕ್ಯಾಪ್ಟನ್ ಪುಸ್ತಕ ತೆರೆದು ಆ ನಾಲ್ಕು ಸಾಲುಗಳನ್ನು ಬಹಳ ಹೊತ್ತು ನೋಡಿದರು. ನಾಲ್ಕರಲ್ಲಿ ಯಾರಾದರೂ ಕಣ್ಣಾರೆ ಕಂಡು ಬರೆದದ್ದು ಒಂದೇ ಒಂದು. ಅದೂ ಹದಿನೈದು ಮೈಲಿ ಹಿಂದಿನದ್ದು, ಅವರ ಕೈಬರಹದ್ದೇ. ಬೆಳಿಗ್ಗೆ ತಾವು ಆಡಿದ ಮಾತನ್ನೇ ಮಕ್ಕಳು ಮೂರು ಸಲ ತಿರುಗಿಸಿ ಹೇಳಿದ್ದರು. ಅದನ್ನು ನಾಲ್ಕು ಜನರ ಸಾಕ್ಷಿ ಎಂದು ನಂಬಿ ಇದ್ದ ಒಂದೇ ಲಂಗರನ್ನು ಕಲ್ಲಿನ ಮೇಲೆ ಕೆಡವಲು ಹೊರಟಿದ್ದರು. ಅವರು ಪುಸ್ತಕದಿಂದ ತಲೆ ಎತ್ತಿ ಮಕ್ಕಳ ಕಡೆ ತಿರುಗಿದರು.

"ಖಾಲಿ ಬಿಟ್ಟರೆ ಮನೆಗೆ ಕಳಿಸ್ತೇನೆ ಅಂತ ಹೇಳಿದ್ದು ಯಾರು? ನಾನಲ್ವಾ? ಇಳಿಸುವುದಾದ್ರೆ ಮೊದಲು ಇಳಿಯಬೇಕಾದವ ನಾನು."

ಆಮೇಲೆ ಪೆನ್ನನ್ನು ಕಸ್ತೂರಿಯ ಕೈಗೆ ಕೊಟ್ಟರು. ಅವಳು ಚರ್ಮ ಕಿತ್ತ ಕೈಯಲ್ಲೇ ತನ್ನ ಸಾಲು ಹೊಡೆದುಹಾಕಿ ಪಕ್ಕದಲ್ಲಿ 'ನೋಡಿಲ್ಲ' ಎಂದು ಬರೆದಳು. ವಾರಿಜಾ ಬರೆದಳು, ಇಲಿಯಾಸ್ ಬರೆದ. ಹನ್ನೆರಡು ಮಕ್ಕಳೂ ಆ ಹಡಗಿನಲ್ಲೇ ಕಲಿಕೆ ಮುಗಿಸಿದರು. ಅವರ ಲಾಗ್‌ಬುಕ್ಕಿನಲ್ಲಿ ಅಲ್ಲಿಂದ ಮುಂದೆ 'ನೋಡಿಲ್ಲ' ಎಂಬ ಸಾಲುಗಳು ಎಷ್ಟೋ ಇದ್ದವು. ಉಳಿದ ಸಾಲುಗಳನ್ನು ಕ್ಯಾಪ್ಟನ್ ಎರಡನೆಯ ಮಾತಿಲ್ಲದೆ ನಂಬುತ್ತಿದ್ದರು.

ನೀತಿ: ನೋಡದ್ದನ್ನು ನೋಡಿಲ್ಲ ಎಂದು ಹೇಳಿಬಿಡಿ, ಮಕ್ಕಳೇ. ಎಷ್ಟೇ ಹೆದರಿಕೆಯಾದರೂ ಹೇಳಿಬಿಡಿ. ಒಬ್ಬರದ್ದನ್ನು ನೋಡಿ ಒಬ್ಬರು ಬರೆದರೆ ಸುಳ್ಳಿಗೆ ಸಾಕ್ಷಿಗಳು ಹೆಚ್ಚುತ್ತಾರೆಯೇ ಹೊರತು ಅದು ನಿಜವಾಗುವುದಿಲ್ಲ. ಇನ್ನು ದೊಡ್ಡವರಿಗೆ ಒಂದು ಮಾತು: 'ಗೊತ್ತಿಲ್ಲ' ಎಂದ ಮಗುವನ್ನು ಶಿಕ್ಷಿಸಿದರೆ, ನಾಳೆ ಅದು ಸುಳ್ಳು ಹೇಳುತ್ತದೆ, ನೀವು ಅದನ್ನು ನಂಬುತ್ತೀರಿ.