ಮೂರು ದೊಡ್ಡ ಮೂಲೆಗಳ ಮಂಟಪ

"ನನ್ನ ರಾಜ್ಯದಲ್ಲಿ 'ಆಗದು' ಎಂಬ ಮಾತೇ ಕೇಳಿಸಕೂಡದು! ಅಂದವನು ಅಂದೇ ಗಡಿ ದಾಟಬೇಕು!"

ಭುಜಂಗರಾಯ ಮಹಾರಾಜ ಮೀಸೆ ತಿರುವಿ ಹೀಗೆಂದ ಮೇಲೆ ಆಸ್ಥಾನದವರೆಲ್ಲ ತಲೆಯಾಡಿಸುವುದನ್ನೇ ಉದ್ಯೋಗ ಮಾಡಿಕೊಂಡರು. ಅದರಲ್ಲಿ ಚೆನ್ನಾಗಿ ಪಳಗಿದವರು ಮೂವರು ಮಂತ್ರಿಗಳು. ಅವರು ಕೂತು ಕೆಲಸ ಮಾಡಲೆಂದು ಅರಸ ಮೂರು ಮೂಲೆಯ ಮಂಟಪ ಕಟ್ಟಿಸಲು ಹೊರಟ. ಕೂಡಲೇ ಕಿತ್ತಾಟ ಶುರುವಾಯಿತು. ಒಬ್ಬೊಬ್ಬನಿಗೂ ತನ್ನ ಮೂಲೆಯೇ ಅಗಲವಾಗಿರಬೇಕು!

ಅರಸ ಶಿಲ್ಪಿ ಕಾಳೋಜನನ್ನು ಕರೆಸಿದ. ಚೌಕದ ಕೋಣೆಯ ಮೂಲೆ ಸರಿಯಿದೆಯೇ ಎಂದು ನೋಡುವ ಮೂಲೆಮಟ್ಟ ಅವನ ಕೈಯಲ್ಲೇ ಇತ್ತು. ಅರಸ ಅದನ್ನೇ ತೋರಿಸಿ ಹೇಳಿದ:

"ಮೂರು ಮೂಲೆಗಳೂ ಇದಕ್ಕಿಂತ ಅಗಲವಾಗಿರಲಿ. ಇಲ್ಲವಾದರೆ ಹೆಂಡತಿ ಮಕ್ಕಳೊಂದಿಗೆ ನಾಡು ಬಿಡು."

ಕಾಳೋಜ ನೇರವಾಗಿ ವಿದೂಷಕ ತಿಪ್ಪರಸನ ಮನೆಗೆ ಓಡಿದ.

"ಸ್ವಾಮಿ, ಒಂದು ಮೂಲೆ ಅಗಲಿಸಿದರೆ ಉಳಿದೆರಡು ಮುದುಡಿಕೊಳ್ತವೆ. ಆಗದು ಅಂತ ಹೇಳೋ ಹಾಗೂ ಇಲ್ಲ. ನಾನೇನು ಮಾಡಲಿ?"

ತಿಪ್ಪರಸನಿಗೆ ಆ ಬಡಪಾಯಿಯನ್ನು ಕಂಡು ಕರುಳು ಚುರ್ರೆಂದಿತು. ಮಂತ್ರಿಗಳನ್ನು ನೆನೆದು ಮೈಯೆಲ್ಲ ಉರಿಯಿತು.

"ಮೂರು ಮೂಲೆಗಳನ್ನೂ ಸಮನಾಗಿ ಕಟ್ಟು. ಒಂದೊಂದು ಗೋಡೆಯನ್ನೂ ಒಂದು ಕೊನೆಯಲ್ಲಿ ಮೂಲೆ ದಾಟಿಸಿ, ನೇರವಾಗಿ ಒಂದು ಮಾರು ಹೊರಗೆ ಎಳೆ. ಮಿಕ್ಕದ್ದು ನನಗೆ ಬಿಡು."

ಮಂಟಪ ಎದ್ದಿತು. ಅರಸ ಒಳಗೆ ಹೋಗಿ ಮೂಲೆಮಟ್ಟ ಇಟ್ಟ. ಅದು ಯಾವ ಮೂಲೆಗೂ ಹಿಡಿಸಲಿಲ್ಲ.

"ಕಾಳೋಜ!" ಅರಸ ಗುಡುಗಿದ.

ತಿಪ್ಪರಸ ಮುಂದೆ ಬಂದು ಮುಕ್ಕೋನವಾಗಿ ಕತ್ತರಿಸಿದ ಬಾಳೆಲೆಯೊಂದನ್ನು ನೀಡಿದ. "ಇದರ ಮೂರು ಮೂಲೆಗಳನ್ನೂ ಹರಿದು, ತುದಿಗೆ ತುದಿ ತಾಗಿಸಿ ಪಕ್ಕಪಕ್ಕದಲ್ಲಿ ಇಡಿ, ಪ್ರಭು."

ಅರಸ ಇಟ್ಟ. ಮೂರೂ ಸೇರಿ ಕೆಳಗೆ ಒಂದು ನೇರ ಗೆರೆಯಾಯಿತು. ತಿಪ್ಪರಸ ಇನ್ನೆರಡು ಮುಕ್ಕೋನದ ಎಲೆ ಕೊಟ್ಟ; ಒಂದು ಉದ್ದವಾಗಿತ್ತು, ಮತ್ತೊಂದು ಸೊಟ್ಟಗಿತ್ತು. ಆದರೂ ಅದೇ ನೇರ ಗೆರೆ!

"ತುದಿಗಳು ಕೂಡಿದ ಕಡೆ ಆ ಗೆರೆಯ ಮೇಲೆ ಎರಡು ಮೂಲೆಮಟ್ಟ ಹಿಡಿಸುತ್ತವೆ ಪ್ರಭು, ಅಷ್ಟೇ. ಮೂವರೂ ಹಂಚಿಕೊಳ್ಳಬೇಕಾದ್ದು ಅದನ್ನೇ."

"ಅಂದರೆ... ಆಗದು ಅನ್ನುತ್ತೀಯಾ?" ಅರಸ ಕಣ್ಣು ಕೆಂಪಗೆ ಮಾಡಿದ. ಮಂತ್ರಿಗಳು ಮುಸಿಮುಸಿ ನಕ್ಕರು.

"ಎಲ್ಲಾದರೂ ಉಂಟೇ! ಹೊರಗೆ ದಯಮಾಡಿಸಬೇಕು."

ಹೊರಗೆ ಚಾಚಿದ ಗೋಡೆಗೂ ಪಕ್ಕದ ಗೋಡೆಗೂ ನಡುವೆ ತಿಪ್ಪರಸ ಮೂಲೆಮಟ್ಟ ಇಟ್ಟ. ಅದು ಹಿಡಿಸಿ ಇನ್ನೂ ಜಾಗ ಮಿಕ್ಕಿತು. ಮೂರು ಕಡೆಯೂ ಹಾಗೆಯೇ.

"ಒಳಗೆ ಕಿರಿದಾದಷ್ಟೂ ಹೊರಗೆ ಹಿರಿದಾಗುತ್ತದೆ, ಪ್ರಭು. ಅಪ್ಪಣೆಯಂತೆ ಮೂರು ದೊಡ್ಡ ಮೂಲೆಗಳು ಸಿದ್ಧ. ಮಂತ್ರಿಗಳ ಪೀಠಗಳನ್ನು ಇಲ್ಲೇ ಹಾಕಿಸೋಣವೇ?"

ಅರಸ ಹೂಂ ಎಂದ; ಪೀಠಗಳು ಬಂದವು. ನಡು ಮಧ್ಯಾಹ್ನ. ಚಪ್ಪಡಿ ಕಾದ ಕಾವಲಿಯಂತಿತ್ತು. ಕೂತ ಮಂತ್ರಿಗಳ ರುಮಾಲಿನಿಂದ ಬೆವರು ಇಳಿಯತೊಡಗಿತು.

"ಹಾಗಾದರೆ ಒಳಗೆ ಕೂರುವವರು ಯಾರೋ?" ಅರಸ ಕೇಳಿದ.

"ಕೆಲಸ ಮಾಡುವವರು, ಪ್ರಭು. ಅವರಿಗೆ ಇಕ್ಕಟ್ಟಾದರೂ ನಡೆಯುತ್ತದೆ."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ಕಾಳೋಜನಿಗೆ ತೊಡಿಸಿದ.

ಮೂವರು ಮಂತ್ರಿಗಳೂ ಕೈಮುಗಿದು ಎದ್ದುನಿಂತರು. "ಪ್ರಭು, ಸಣ್ಣ ಮೂಲೆಯೇ ಸಾಕು. ನಾವು ಒಳಗೆ ಬರಬಹುದೇ?"

ಅರಸ ಒಮ್ಮೆ ತಿಪ್ಪರಸನ ಮುಖ ನೋಡಿದ. ಆಮೇಲೆ ಮೀಸೆ ತಿರುವಿ, ತನ್ನ ಆಳ್ವಿಕೆಯಲ್ಲೇ ಮೊದಲ ಬಾರಿಗೆ ಬಾಯ್ತುಂಬ ಹೇಳಿದ:

"ಆಗದು!"